ಹೊಳೆ ಮುಟ್ಟದ ಗೆರೆ

ಹುಟ್ಟಿದ ದಿನ ಕೊಟ್ಟ ಸಮೀಕರಣ ಯಾವ ಗೆರೆ ಎಳೆಯುವುದೋ, ಮನೆಯಂಗಳ ದಾಟಿದ ಮೇಲೆ ನಮ್ಮ ಕಾಲು ಆ ಗೆರೆಯ ಮೇಲೆಯೇ ನಡೆಯಬೇಕು. ಆಚೆಗೆ ಹೆಜ್ಜೆ ಏಳುವುದಿಲ್ಲ. ನನ್ನ ಮದುವೆಯಲ್ಲಿ ಹಿರಿಯರು ನಮ್ಮಿಬ್ಬರ ಗೆರೆಗಳನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ, ಕೂಡುತ್ತವೆ ಎಂದು ಖಾತ್ರಿ ಮಾಡಿಕೊಂಡೇ ತಾಂಬೂಲ ಬದಲಾಯಿಸಿದರು. ನನ್ನ ಗೆರೆ ಹೊಳೆಯನ್ನು ಕೂಡುವುದೇ ಎಂದು ಯಾರೂ ನೋಡಲಿಲ್ಲ.

ಈಗ ನನ್ನ ಹೆಂಡತಿ ಪದ್ಮಾವತಿಯ ಅಸ್ಥಿಯ ಕುಡಿಕೆ ಅಂಗಳದ ಬೇವಿನ ಮರದಲ್ಲಿ ತೂಗುತ್ತಿದೆ. "ನೀವೇ ಕೈಯಾರೆ ಹೊಳೆಗೆ ಬಿಡಬೇಕು" ಎಂದು ಹೇಳಿ ಅವಳು ಕಣ್ಣು ಮುಚ್ಚಿದ್ದಳು.

ಸೊಸೆ ಸುಗುಣ ನನ್ನ ಗೆರೆಯನ್ನು ಊರಿನ ನಕ್ಷೆಯ ಮೇಲೆ ಬಿಡಿಸಿದಳು. ಅದು ಹೊಳೆಯ ಕಡೆಗೆ ಬಾಗಿ, ನೀರಿನ ಪಕ್ಕದಲ್ಲೇ ಸಾಗಿತ್ತು.

"ಮುಟ್ಟಿತಲ್ಲಮ್ಮ," ಎಂದೆ.

"ತಾಳಿ ಮಾವ." ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ನಡುವೆ ತೆರಪು ಕಾಣಿಸಿತು. ಮುಂದಕ್ಕೆ ಸರಿಸಿದಳು, ತೆರಪು ಕಿರಿದಾಯಿತು, ಇಲ್ಲವಾಗಲಿಲ್ಲ. "ಹತ್ರ ಹೋಗ್ತಾನೇ ಇರುತ್ತೆ, ಯಾವತ್ತೂ ಮುಟ್ಟಲ್ಲ. ನನ್ನ ಗೆರೆ ಸೇತುವೆ ಮೇಲೇ ಹೋಗುತ್ತೆ. ಕೊಡಿ, ನಾನೇ ಬಿಟ್ಟು ಬರ್ತೀನಿ."

"ಕೈ ಚಾಚಿದ್ರೆ ನೀರು ಸಿಗೋಷ್ಟು ಹತ್ರ ಎಲ್ಲಿ ಬರುತ್ತೆ, ಅದನ್ನ ನೋಡು."

ಅವಳು ನಕ್ಷೆಯನ್ನು ಸರಿಸುತ್ತಲೇ ಹೋದಳು. ನಮ್ಮೂರು ಹೋಯಿತು, ತಾಲ್ಲೂಕು ಹೋಯಿತು, ಹೆಸರೇ ಕೇಳದ ಊರುಗಳು ಬಂದವು.

"ಇಲ್ಲಿ. ಆದ್ರೆ ಈ ಮಂಡಿ ಇಟ್ಕೊಂಡು ಅಲ್ಲಿಗೆ ಹೋದ್ರೆ ವಾಪಸ್ ಬರೋಕಾಗುತ್ತಾ ಮಾವ?"

"ನಾನು ಕೇಳಿದ್ದು ಹೋಗೋ ದಾರಿ ಕಣಮ್ಮ."

ದೇವರಿಗೆ ಕೈಮುಗಿದು ಬಂದು ಕುಡಿಕೆ ಇಳಿಸಿಕೊಂಡೆ. ಅಂಗಳ ದಾಟುತ್ತಲೇ ಕಾಲು ತಾನಾಗಿ ಗೆರೆಯ ಮೇಲೆ ಕೂತಿತು. ಬಲಗಡೆ, ಹೊಲಗಳ ಆಚೆ, ಹೊಳೆ ಹೊಳೆಯುತ್ತಿತ್ತು. ಕುಡಿಕೆಯನ್ನು ಬಲಗೈಗೆ ಬದಲಾಯಿಸಿಕೊಂಡೆ.