ಜೋಡಿ ಕಸರತ್ತು

"ಯಾರೂ ಮುಟ್ಟೇ ಇಲ್ಲ, ಹ್ಯಾಂಗ ಬಿದ್ದ ಇಂವ?"

ಡ್ರಿಲ್ ಮಾಸ್ತರ ಧೊಂಡಿಬಾ ಯಾರ ಮುಖವನ್ನೂ ನೋಡದೆ ಕೇಳಿದರು. ಬೀದರ ಕೋಟೆಯ ಮಗ್ಗುಲಿನ ಮೈದಾನದಲ್ಲಿ ಭಾಲ್ಕಿ ಹುಡುಗರೊಂದಿಗೆ ಫುಟ್‌ಬಾಲ್ ಪಂದ್ಯ ಆಗತಾನೆ ಶುರುವಾಗಿತ್ತು. ಚೆಂಡಿಗೆಂದು ಬಲಗಾಲು ಚಾಚಿದ ಸಲಾವೋದ್ದೀನ ಅಲ್ಲೇ ಕುಸಿದು, ತೊಡೆಸಂದನ್ನು ಎರಡೂ ಕೈಯಲ್ಲಿ ಹಿಡಿದು ಕೆಂಪು ಮಣ್ಣಿನಲ್ಲಿ ಮುದುಡಿಕೊಂಡಿದ್ದ.

"ಎಲ್ಲಿ ಹಿಡ್ಕೊಂಡಾನ ನೋಡ್ರಲೇ!" ಭಾಲ್ಕಿಯವನೊಬ್ಬ ಕೂಗಿದ. "ಬೀದರದವ್ರು ನಮ್ಮ ಗಾಳಿ ತಾಕಿದ್ರೂ ಬೀಳ್ತಾರಪ್ಪೋ!"

ಬೀದರದ ಹುಡುಗರೂ ನಕ್ಕುಬಿಟ್ಟರು. ಅವರ ಕ್ಯಾಪ್ಟನ್ ಹಾವಗೆಪ್ಪನಿಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಬಿದ್ದದ್ದು ಹೇಗೆಂದು ಅವನಿಗೆ ಗೊತ್ತಿತ್ತು.

ಆಟಕ್ಕೆ ಮೊದಲು ಇಬ್ಬಿಬ್ಬರು ಎದುರುಬದುರು ಕೂತು ಕಾಲು ಚಾಚಬೇಕು. ಒಬ್ಬನ ಪಾದಗಳ ನಡುವೆ ಇನ್ನೊಬ್ಬನ ಪಾದಗಳು. ಒಳಗಿನವನು ಹೊರಕ್ಕೆ ಒತ್ತಬೇಕು, ಹೊರಗಿನವನು ಬಿಡದೆ ಒಳಕ್ಕೆ ಅಮುಕಬೇಕು, ತೊಡೆಸಂದು ಬೆಚ್ಚಗಾಗುವವರೆಗೆ. ಬೆಚ್ಚಗಾಗದೆ ಆಡಿದರೆ ಅಲ್ಲಿನ ಸ್ನಾಯು ಹರಿದೀತೆಂದು ಮಾಸ್ತರರ ಕಟ್ಟಪ್ಪಣೆ. ಗೋಲು ಕಾಯುವ ಮಡೆಪ್ಪನ ಕಸರತ್ತು ಬೇರೆ, ಉಳಿದವರೆಲ್ಲ ಜೋಡಿ. ಹಾವಗೆಪ್ಪನ ಜೋಡಿ ಯಾವಾಗಲೂ ಸಲಾವೋದ್ದೀನ. ನಿಜಾಮನ ಕಡೆಯ ರಜಾಕಾರರ ಗದ್ದಲದಲ್ಲಿಯೂ, ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ಮೇಲೆ ಸಲಾವೋದ್ದೀನನ ಅಪ್ಪ ಮನೆಗೆ ತಿರುಗಿ ಬಾರದೆ ಹೋದಾಗಲೂ ಆ ಜೋಡಿ ಮುರಿದಿರಲಿಲ್ಲ.

ಇಂದು ಮುರಿಯಿತು. ಚಿಂತಾಕಿ ಎಂಬ ಹಳ್ಳಿಯಿಂದ ಹಾವಗೆಪ್ಪನ ಸೋದರಮಾವ ಆಟ ನೋಡಲು ಬಂದು ಮೈದಾನದ ಅಂಚಿಗೆ ಕೂತಿದ್ದರು. ರಜಾಕಾರರು ಅವರ ಮನೆ ಸುಟ್ಟಿದ್ದರು. ಅವರ ಕಣ್ಣೆದುರು ಮುಸಲ್ಮಾನರ ಹುಡುಗನ ಕಾಲಿಗೆ ಕಾಲು ಹೆಣೆದು ಕೂತರೆ ಏನೆಂದಾರು? ಮಾಸ್ತರರು ರೆಫ್ರಿಯನ್ನು ಮಾತಾಡಿಸಲು ಅತ್ತ ಹೋದದ್ದೇ ತಡ, "ಮಡೆಪ್ಪಾ, ನೀ ಬಾರೋ" ಎಂದು ಹಾವಗೆಪ್ಪ ಕರೆದುಬಿಟ್ಟ. ಆಗಲೇ ಕಾಲು ಚಾಚಿ ಕೂತಿದ್ದ ಸಲಾವೋದ್ದೀನ ತುಸು ಹೊತ್ತು ಹಾಗೆಯೇ ಕೂತಿದ್ದು, ಎದ್ದು ಚಡ್ಡಿಯ ಮಣ್ಣು ಕೊಡವಿಕೊಂಡಿದ್ದ.

ಈಗ ಎಲ್ಲರಿಗಿಂತ ಮೊದಲು ಓಡಿಬಂದವರು ಆ ಸೋದರಮಾವನೇ. ತಲೆಯ ರುಮಾಲು ಬಿಚ್ಚಿ, ನೀರಲ್ಲಿ ತೋಯಿಸಿ, ಹುಡುಗನ ತೊಡೆಗೆ ಸುತ್ತತೊಡಗಿದರು.

"ಹೆಸರೇನ ತಮ್ಮಾ?"

"ಸಲಾವೋದ್ದೀನ್ ರೀ."

ಸುತ್ತುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಗಂಟು ಹಾಕಿತು. "ಭಾಳ ನೋಯ್ತದೇನ ಮಗಾ? ತಡಕೋ."

ಹಾವಗೆಪ್ಪನ ಕಿವಿ ಸುಟ್ಟಂತಾಯಿತು. ಮಾವ ಆಡದ ಮಾತನ್ನು ತಾನೇ ಊಹಿಸಿ ಕೇಳಿಸಿಕೊಂಡಿದ್ದ.

ಮಾಸ್ತರರು ಬಂದು ನಿಂತರು. "ಕಸರತ್ ಮಾಡಿದ್ದೇನೋ?"

"ಇಲ್ರಿ."

"ಯಾಕ?"

ಸಲಾವೋದ್ದೀನ ತೊಡೆಯ ರುಮಾಲಿನ ಗಂಟು ಬಿಗಿಮಾಡಿಕೊಂಡ.

"ಮೈಗಳ್ಳ! ಕಸರತ್ ತಪ್ಪಸಾಂವಗ ನನ್ನ ಟೀಮಿನಾಗ ಜಾಗಾ ಇಲ್ಲ. ಕಾಲು ನೆಟ್ಟಗಾದ್ರೂ ಈ ಕಡಿ ಬರಬ್ಯಾಡ." ಎಲ್ಲರ ಎದುರಿಗೇ ಅಂದು, ಶಿಳ್ಳೆ ಊದಲು ರೆಫ್ರಿಗೆ ಕೈ ಮಾಡಿದರು.

ಹಾವಗೆಪ್ಪ ಗೆಳೆಯನನ್ನು ಹೆಗಲಿಗೆ ಆನಿಸಿಕೊಂಡು ಗೆರೆಯ ಆಚೆ ನಡೆಸಿದ. ಮಾವ ಹಿಂದೆಯೇ ಬರುತ್ತಿದ್ದರು. ಹಾವಗೆಪ್ಪ ದನಿ ತಗ್ಗಿಸಿದ.

"ಸಲಾ, ಮಾಸ್ತರಗ ಹೇಳಲೇ. ಹಾವಗ್ಯಾ ನನ್ನ ಜೋಡಿ ಕೂಡಲಿಲ್ಲ ಅನ್ನು. ಹೊಡತ ತಿಂತೇನಿ, ಟೀಮ್ ಬಿಡ್ತೇನಿ. ನನ್ನ ಬಾಯಿಂದ ಬರವಲ್ದು. ನೀನ ಹೇಳು."

ಸಲಾವೋದ್ದೀನ ಅವನ ಹೆಗಲಿನಿಂದ ಕೈ ತೆಗೆದು, ಒಂಟಿಗಾಲಿನಲ್ಲಿ ನಿಂತ.

"ಅದು ನೀ ಆಡೋ ಮಾತು," ಅಂದ. "ನಾ ಹೇಳಂಗಿಲ್ಲ."