ಅನುಭವದ ದಾಖಲೆ

ಗಾಂಜಾ ಮಾರಾಟ ಕಾನೂನುಬದ್ಧವಾದ ಮೇಲೆ ಅಂಗಡಿಗಳಿಗೆ ಲೈಸೆನ್ಸ್ ಕೊಡುವ ಮೊದಲ ದಿನವೇ ಮುದುಕ ಕಂಟೆಪ್ಪ ಇಸ್ತ್ರಿ ಅಂಗಿ ತೊಟ್ಟು ಕಚೇರಿಯ ಸಾಲಿನಲ್ಲಿ ನಿಂತ. ಅವನಿಗೆ ಗೊತ್ತಿದ್ದದ್ದು ಇದೊಂದೇ ಕಸುಬು. ಬೇರೆ ಕೆಲಸಕ್ಕೆ ಅವನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

ಗುಮಾಸ್ತ ನಿಯಮ ಓದತೊಡಗಿದ. "ಪೊಟ್ಟಣದ ಮ್ಯಾಲ ಚಿತ್ರ, ಬಣ್ಣ ಇರಬಾರದು."

"ನಾ ಹಳೇ ಪೇಪರಿನ್ಯಾಗ ಕಟ್ಟಿ ಕೊಡ್ತಿದ್ದೆ ಸಾಹೇಬ್ರ."

"ಜಾಹೀರಾತು ಮಾಡಬಾರದು. ಒಳಗಿನ ಮಾಲು ಹೊರಗ ಕಾಣಬಾರದು."

"ನಂದು ಹೆಂಡ್ತಿಗೇ ಕಾಣ್ತಿರಲಿಲ್ರಿ."

"ಹುಡುಗರಿಗೆ ಮಾರಬಾರದು."

"ಮೀಸೆ ಮೂಡದವರು ಬಂದ್ರ ಬೈದು ಕಳಸ್ತಿದ್ದೆ."

ಗುಮಾಸ್ತನಿಗೆ ನಗು ಬಂತು. "ಅನುಭವ ಇದ್ದವರಿಗೆ ಮೊದಲ ಅವಕಾಶ ಐತಿ ಮುತ್ಯಾ. ಏನರ ದಾಖಲೆ ಅದಾವೇನು?"

ಆ ಮಾತಿಗೇ ಕಾದಿದ್ದವನಂತೆ ಕಂಟೆಪ್ಪ ಕೋರ್ಟಿನ ತೀರ್ಪನ್ನು ಮೇಜಿನ ಮೇಲೆ ಬಿಡಿಸಿಟ್ಟ. ಇವನು ಇಪ್ಪತ್ತು ವರ್ಷ ಗಾಂಜಾ ಮಾರಿದ್ದಾನೆಂದು ಸಾಕ್ಷಾತ್ ಜಡ್ಜ್ ಸಾಹೇಬರೇ ಬರೆದು, ಹತ್ತು ವರ್ಷ ಜೈಲಿಗೆ ಕಳಿಸಿದ್ದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರ ಹತ್ತಿರ ಇದ್ದೀತು!

ಗುಮಾಸ್ತನ ನಗು ನಿಂತುಹೋಯಿತು. "ಶಿಕ್ಷೆ ಆದವರಿಗೆ ಲೈಸೆನ್ಸ್ ಕೊಡಂಗಿಲ್ಲ. ಮುಂದಿನವರು ಬರ್ರಿ."

ಕಂಟೆಪ್ಪ ತೀರ್ಪನ್ನು ಮಡಚಿಕೊಳ್ಳಲು ಹೋದ. ಸಾಲಿನಲ್ಲಿ ಅವನ ಹಿಂದೆಯೇ ಅರ್ಜಿ ಹಿಡಿದು ನಿಂತಿದ್ದ ಹಿರಿಯರೊಬ್ಬರು ಅವನ ಕೈ ಹಿಡಿದರು. ಅಂದು ಅವನನ್ನು ಹಿಡಿದಿದ್ದ ಇನ್‌ಸ್ಪೆಕ್ಟರ್ ಅವರೇ, ಈಗ ನಿವೃತ್ತರಾಗಿದ್ದರು.

"ಆ ಕಾಗದ ಅಲ್ಲೇ ಇರ್ಲಿ ಕಂಟೆಪ್ಪಾ," ಎಂದರು. "ನನ್ನ ಅನುಭವಕ್ಕೂ ಅದೇ ದಾಖಲೆ."