ತವರಿನ ಡ್ಯಾಂಪರ್

ಬೆಳಿಗ್ಗೆ ಎಂಟು ಗಂಟೆ. ಚಿನ್ನದ ಗಣಿಯ ನಾಲ್ಕನೇ ಹಂತದಲ್ಲಿ ನೀಲಗಂಗಮ್ಮನ ಮನೆಗೆ ಹೊಸ ಡ್ಯಾಂಪರ್ ಕೂರಿಸುತ್ತಿದ್ದರು. ನೆಲದ ಮೇಲಿನ ಬಿಸಿಲು ತಾಳದೆ ಊರೇ ಗಣಿಗೆ ಇಳಿದು ನೆಲೆಸಿದ ಮೇಲೆ, ಬಾಣಂತಿಯ ಕೋಣೆಗೆ ಗಾಳಿ ಬಿಡುವ ಈ ತಗಡಿನ ಬಾಗಿಲನ್ನು ತವರಿನವರು ಹಾಕಿಸುವುದು ಪದ್ಧತಿ. ದೊಡ್ಡದಾದಷ್ಟೂ ಮರ್ಯಾದೆ. ನೀಲಗಂಗಮ್ಮ ಗಾಳಿ ಕೊಳವೆಯ ಪೂರ್ತಿ ಅಗಲದ್ದನ್ನೇ ತಂದಿದ್ದಳು. ಹತ್ತಕ್ಕೆ ಮಗಳು ಕೂಸಿನೊಂದಿಗೆ ಆಸ್ಪತ್ರೆಯಿಂದ ಬರುವವಳಿದ್ದಳು.

ಫಿಟ್ಟರ್ ಹಸೀನಾ ಅದನ್ನು ಬೆರಳಷ್ಟು ತೆರೆದಳು. ಗಾಳಿ ಭರ್ರನೆ ನುಗ್ಗಿ ತೊಟ್ಟಿಲ ಬಟ್ಟೆಯನ್ನು ಹಾರಿಸಿತು. ಮುಚ್ಚಿದರೆ ಉಸಿರಾಡಲೂ ಗಾಳಿಯಿಲ್ಲ.

"ಯಮ್ಮಾ, ಇದಕ್ಕ ಹದ ಅನ್ನೂದೇ ಗೊತ್ತಿಲ್ಲ. ಸಣ್ಣದು ಹಾಕಿಸ್ರಿ."

"ಬೀಗರು ನಗ್ತಾರವ್ವಾ!"

"ನಗಲಿ ಬಿಡ್ರಿ. ರಾತ್ರಿ ಕೂಸಿಗೆ ಉಸಿರು ಕಟ್ಟಿದ್ರ ಅವರು ಬಂದು ಊದ್ತಾರೇನು?"

ನೀಲಗಂಗಮ್ಮ ತೊಟ್ಟಿಲ ಕಡೆ ತಿರುಗಿದಳು. "ಹಾಕು, ಲಗೂನ ಹಾಕು!"

ಹಸೀನಾ ಕೊಳವೆಯ ಬಾಯಿಯನ್ನು ಕಿರಿದು ಮಾಡಿ ತನ್ನ ಬಳಿಯಿದ್ದ ಸಣ್ಣದನ್ನು ಕೂರಿಸಿದಳು. ಅರ್ಧ ತೆರೆದರೆ ಅರ್ಧದಷ್ಟೇ ಗಾಳಿ ಬಂತು. ನೀಲಗಂಗಮ್ಮ ತಾನೇ ಹಿಡಿ ತಿರುಗಿಸಿ ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು, ಮತ್ತೆ ಹೆಚ್ಚು ಮಾಡಿದಳು.

"ಅಯ್ಯಯ್ಯ, ಹೇಳಿದಂಗ ಕೇಳ್ತದಲ್ಲೇ ಇದು!" ಎಂದು ಹಸೀನಾಳ ಬೆನ್ನಿಗೊಂದು ಗುದ್ದಿದಳು.

ಹತ್ತಕ್ಕೆ ಮೊಮ್ಮಗಳು ಬಂದಳು. ಬೀಗರು ಡ್ಯಾಂಪರ್ ನೋಡಿ ನಕ್ಕರು. ಕೂಸು ಮಧ್ಯಾಹ್ನದವರೆಗೂ ನಿದ್ದೆ ಮಾಡಿತು.